ಬೆಕ್ಕಿನ ದನಿಯ ಗಾನವಿ

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಗಾನವಿ ಹುಟ್ಟಿ ಹನ್ನೊಂದನೇ ದಿನ, ಪಕ್ಕದ ಮನೆಯ ಪಾಪಕ್ಕ ಪೊರಕೆ ಹಿಡಿದು ಒಳಗೆ ನುಗ್ಗಿದರು. ಬೆಕ್ಕು ಹಾಲಿಗೆ ಬಾಯಿ ಹಾಕುತ್ತಿದೆ, ಇಷ್ಟು ಹೊತ್ತಿನಿಂದ ಕೂಗುತ್ತಿದೆ, ಮನೆಯಲ್ಲಿ ಯಾರಿಗೂ ಕಿವಿಯಿಲ್ಲವೇ ಎನ್ನುತ್ತ ಅಡುಗೆಮನೆಯ ಮೂಲೆಮೂಲೆ ತಡಕಿದರು. ಬೆಕ್ಕು ಇರಲಿಲ್ಲ. ತೊಟ್ಟಿಲಲ್ಲಿ ಕೂಸು ಅಳುತ್ತಿತ್ತು.

ಕೂಸಿನ ತಾಯಿ ಸಿಂಧುವಿನ ಅತ್ತೆ ವರಲಕ್ಷ್ಮಮ್ಮನಿಗೆ ಆಗಲೇ ಕಾರಣ ಹೊಳೆದುಬಿಟ್ಟಿತು. ಏಳು ತಿಂಗಳ ಬಸುರಿಯಾಗಿದ್ದಾಗ ಸಿಂಧು, ಅಟ್ಟದಲ್ಲಿಟ್ಟ ರೇಷ್ಮೆ ನೂಲಿನ ಮೇಲೆ ಮರಿ ಹಾಕಿದ್ದ ಬೆಕ್ಕನ್ನು ಕೋಲೆತ್ತಿ ಓಡಿಸಿದ್ದಳು. ಓಡಿಸೆಂದವರು ಅತ್ತೆಯೇ. ಆದರೆ ಅದು ಸಿಂಧುವನ್ನು ಬಿಟ್ಟು ಬೇರೆ ಯಾರಿಗೂ ನೆನಪಿರಲಿಲ್ಲ.

ಬಿ.ಎ. ಓದಿದ ಸಿಂಧು ಇಂಥದ್ದನ್ನು ನಂಬುವವಳಲ್ಲ. ಆದರೂ ಐದು ತಿಂಗಳಾದರೂ ಕೂಸಿನ ಕತ್ತು ನಿಲ್ಲದಿದ್ದಾಗ, ಆವತ್ತು ಕೋಲನ್ನು ಎಷ್ಟು ಎತ್ತರಕ್ಕೆ ಎತ್ತಿದ್ದೆನೆಂದು ಯೋಚಿಸತೊಡಗಿದಳು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಅಳು ಕೇಳಿದ ಕೂಡಲೇ ರಕ್ತ ಪರೀಕ್ಷೆಗೆ ಬರೆದರು. ಐದನೇ ಜೋಡಿ ಕ್ರೋಮೋಸೋಮುಗಳಲ್ಲಿ ಒಂದರ ತುದಿಯೇ ಇಲ್ಲವೆಂದು, ಬೆಕ್ಕಿನಂಥ ಅಳು ಅದರದೇ ಲಕ್ಷಣವೆಂದು ಗೊತ್ತಾಯಿತು. ಅದು ಹೆತ್ತವರಿಂದ ಬಂದದ್ದೋ ನೋಡಬೇಕೆಂದು ಸಿಂಧು ಮತ್ತು ಅವಳ ಗಂಡ ಮಂಜೇಶ್, ಇಬ್ಬರ ರಕ್ತವನ್ನೂ ತೆಗೆದುಕೊಂಡರು. ವರದಿಗೆ ಒಂದು ತಿಂಗಳು ಕಾಯಬೇಕಿತ್ತು.

ಆ ತಿಂಗಳು ಮನೆಯಲ್ಲಿ ಬೆಕ್ಕಿನ ಮಾತು ನಿಂತು ವಂಶದ ಮಾತು ಶುರುವಾಯಿತು. ತಮ್ಮ ಕಡೆ ಏಳು ತಲೆಮಾರಿನಲ್ಲಿ ಯಾರಿಗೂ ಏನೂ ಕಡಿಮೆಯಿರಲಿಲ್ಲವೆಂದು ವರಲಕ್ಷ್ಮಮ್ಮ ಹೇಳಿದ್ದೇ ಹೇಳಿದ್ದು. ಒಬ್ಬ ದೊಡ್ಡಪ್ಪನಿಗೆ ಬುದ್ಧಿ ತುಸು ಕಮ್ಮಿಯಿದ್ದದ್ದು ನಿಜ, ಆದರೆ ಅದು ಮದುವೆಯಾದ ಮೇಲೆ ಬಂದದ್ದಂತೆ. ವರದಿಯಲ್ಲಿ ತನ್ನ ಹೆಸರು ಬಂದರೆ ಈ ಮನೆಯಲ್ಲಿ ಬದುಕಿರುವಷ್ಟು ಕಾಲವೂ ತಲೆಯೆತ್ತುವ ಹಾಗಿಲ್ಲವೆಂದು ಸಿಂಧುವಿಗೆ ಗೊತ್ತಿತ್ತು.

ವರದಿಯ ದಿನ ಅತ್ತೆ ತಾವೂ ಬಸ್ಸು ಹತ್ತಿದರು. ಡಾಕ್ಟರಮ್ಮ ಮೇಜಿನ ಮೇಲೆ ಕ್ರೋಮೋಸೋಮುಗಳ ಫೋಟೋ ಇಟ್ಟರು. ಗಿಡ್ಡ, ಉದ್ದ ಕಡ್ಡಿಗಳು ಜೋಡಿಜೋಡಿಯಾಗಿ ನಿಂತಿದ್ದವು. ದೇಹ ಹೇಗೆ ಬೆಳೆಯಬೇಕೆಂಬುದೆಲ್ಲ ಇದರಲ್ಲಿ ಬರೆದಿರುತ್ತದೆ, ಮೈಯ ಕಣಕಣದಲ್ಲೂ ಇದರದೇ ನಕಲು ಇರುತ್ತದೆ ಎಂದು ಅವರು ವಿವರಿಸಿದರು. ವರಲಕ್ಷ್ಮಮ್ಮ ಫೋಟೋವನ್ನು ಸೀರೆಯ ಅಂಚು ನೋಡುವಂತೆ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

“ನಮ್ ಜಕಾರ್ಡ್ ಕಾರ್ಡಿನ ಸರ ಇದ್ದಂಗಾ?”

ಡಾಕ್ಟರಮ್ಮನಿಗೆ ಅದು ಗೊತ್ತಿರಲಿಲ್ಲ. ಆಮೇಲೆ ಐದು ನಿಮಿಷ ಅತ್ತೆಯೇ ಪಾಠ ಹೇಳಿದರು. ಮಗ್ಗದ ನೆತ್ತಿಯ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳನ್ನು ಸರವಾಗಿ ಹೊಲಿದಿರುತ್ತಾರೆ. ಸೀರೆಯಲ್ಲಿ ಚಿತ್ತಾರ ಮೂಡಲು ಯಾವ ಎಳೆ ಮೇಲೇಳಬೇಕು, ಯಾವುದು ಕೂರಬೇಕು ಎಂದು ಹೇಳುವುದು ಆ ತೂತುಗಳು. ಹೊಸ ಮಗ್ಗಕ್ಕೆ ಹಳೆಯ ಸರ ನೋಡಿಕೊಂಡು ನಕಲು ಮಾಡುತ್ತಾರೆ.

“ನಕಲು ಹೊಡೆಯೋವಾಗ ನಾಕು ಕಾರ್ಡು ಬಿಟ್ಟೋದ್ರೆ ಹಳೇ ಸರಕ್ಕೇನೂ ಆಗಿರಲ್ಲ. ಹೊಸದ್ರಲ್ಲಿ ಮಾತ್ರ ಸೆರಗಿನ ನವಿಲಿಗೆ ಕೊಕ್ಕಿರಲ್ಲ.”

“ಇಲ್ಲಿ ಆಗಿರೋದೂ ಅದೇ ಅಮ್ಮ,” ಎಂದರು ಡಾಕ್ಟರಮ್ಮ. “ಇವರಿಬ್ಬರದೂ ಪೂರ್ತಿ ಇದೆ. ನಕಲಾಗುವಾಗ ಕಳೆದುಹೋಗಿದೆ.”

“ಬೆಕ್ಕು?” ಎಂದುಬಿಟ್ಟಳು ಸಿಂಧು.

ಡಾಕ್ಟರಮ್ಮ ಯಾವ ಬೆಕ್ಕು ಎಂದು ಕೇಳಿದರು. ವರಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡರು. “ಏನಿಲ್ಲ ಬಿಡಿ. ನಮ್ ಹುಡುಗಿ ಬಿ.ಎ. ಓದವ್ಳೆ, ಏನೇನೋ ಕೇಳ್ತಾಳೆ.”

ಸಿಂಧು ಬಿಡಲಿಲ್ಲ, ಎಲ್ಲವನ್ನೂ ಹೇಳಿದಳು. ಡಾಕ್ಟರಮ್ಮ ನಗಲಿಲ್ಲ. ಇದು ಗರ್ಭ ನಿಲ್ಲುವ ಮೊದಲೇ ಆಗಿಹೋದದ್ದು, ಏಳನೇ ತಿಂಗಳಲ್ಲಿ ಯಾರು ಏನು ಮಾಡಿದ್ದರೂ ಬದಲಾಗುತ್ತಿರಲಿಲ್ಲ ಎಂದರು. ಕಳೆದದ್ದನ್ನು ಮತ್ತೆ ಹೊಲಿಯಲಾಗದು. ಕೂಸು ಕೂರುವುದು, ನಡೆಯುವುದು ತಡವಾದೀತು, ಮಾತು ಕಡಿಮೆಯಿದ್ದೀತು. ಆದರೆ ದಿನವೂ ಕಲಿಸಿದರೆ ಕಲಿಯುತ್ತಾಳೆ. ಕತ್ತು ನಿಲ್ಲಿಸುವ ವ್ಯಾಯಾಮವನ್ನೂ ತೋರಿಸಿಕೊಟ್ಟರು.

ವಾಪಸು ಬರುವಾಗ ಬಸ್ಸು ಯಲಹಂಕ ದಾಟಿತು. ಆಗ ಅತ್ತೆ, “ಯಾರ್ ತಪ್ಪೂ ಅಲ್ಲ ಅಂದ್ರೆ ನಾನೀಗ ಯಾರನ್ನ ಬೈಲಿ?” ಎಂದರು. ಸಿಂಧುವಿಗೆ ನಗು ಬಂತು. ಅತ್ತೆ ಅವಳನ್ನು ದುರುಗುಟ್ಟಿ ನೋಡಿ, ಕೊನೆಗೆ ತಾವೂ ನಕ್ಕರು.

ಮರುದಿನ ಪಾಪಕ್ಕ ಇದು ಯಾರ ಕಡೆಯದೆಂದು ವಿಚಾರಿಸಲು ಬಂದರು. ವರಲಕ್ಷ್ಮಮ್ಮ ಅವರನ್ನು ಮಗ್ಗದ ಮನೆಗೆ ಕರೆದೊಯ್ದು, ಕಾರ್ಡಿನ ಸರದ ಕೆಳಗೆ ನಿಲ್ಲಿಸಿ ಶುರುಮಾಡಿದರು. ಹೊರಗಿನ ಜಗುಲಿಯಲ್ಲಿ ಸಿಂಧು ಗಾನವಿಯನ್ನು ಬೋರಲು ಮಲಗಿಸಿ, ಎದುರಿಗೆ ಬಣ್ಣದ ನೂಲು ಸುತ್ತಿದ ಕದಿರು ಆಡಿಸುತ್ತಿದ್ದಳು. ಕೂಸು ತಲೆಯನ್ನು ಎರಡು ಬೆರಳಿನಷ್ಟು ಎತ್ತಿತು.

“ಹದಿನೈದನೇ ಜೋಡಿ ಕಣೆ ಪಾಪಕ್ಕ, ಹದಿನೈದನೇದು,” ಎಂಬ ಅತ್ತೆಯ ಮಾತು ಕೇಳಿಸಿತು.

“ಐದು, ಅತ್ತೆ,” ಎಂದು ಸಿಂಧು ಕೂಗಿದಳು. ಬೀದಿಗೆಲ್ಲ ಕೇಳಿಸುವಷ್ಟು ಜೋರಾಗಿ.

“ಐದೇ. ಓದ್ದೋಳು ಹೇಳ್ತಾವ್ಳೆ, ಕೇಳುಸ್ಕೊ,” ಎಂದು ಅತ್ತೆ ಮುಂದುವರಿಸಿದರು.