ಎಂಜಿನ್ ಆರಿಸಬೇಡ

ಫೂಸಿ ಕೀಲಿ ತಿರುಗಿಸಿದಳು. ವ್ಯಾನು ಟಿಕ್ ಎಂದು ಸುಮ್ಮನಾಯಿತು. ಮತ್ತೆ ತಿರುಗಿಸಿದರೆ ಮತ್ತದೇ ಟಿಕ್.

ಆ ಭಾನುವಾರ ಪಕ್ಕದೂರಿನ ಚರ್ಚಿನಲ್ಲಿ ಅವಳ ಮೊಟ್ಟಮೊದಲ ಉಪದೇಶ. "ಒಳ್ಳೆ ಹೆಂಗಸು, ಆದ್ರೆ ದನಿ ಮೊದಲ್ನೇ ಬೆಂಚು ದಾಟಲ್ಲ" ಎಂದು ಅಲ್ಲಿನ ಪಾದ್ರಿ ಅಂದದ್ದು ಅವಳ ಕಿವಿಗೂ ಬಿದ್ದಿತ್ತು. ವಾರವಿಡೀ ಗೆಣಸಿನ ತೋಟದಲ್ಲಿ ಹಂದಿಗಳ ಮುಂದೆ ಉಪದೇಶ ಮಾಡಿ ಗಂಟಲು ಹದಮಾಡಿಕೊಂಡಿದ್ದಳು. ಹಂದಿಗಳೂ ಹತ್ತಿರ ಬಂದೇ ಕೇಳಬೇಕಾಗಿತ್ತು.

ಗಂಡ ಫೆಲೆತಿ, ಆ ದ್ವೀಪದವರು ಚರ್ಚಿಗೆ ಹೋಗುವಾಗ ಉಡುವ ಹೆಣೆದ ಚಾಪೆಯನ್ನು ಸೊಂಟಕ್ಕೆ ಬಿಗಿದುಕೊಳ್ಳುತ್ತ ಹೊರಗೆ ಬಂದ. "ಹಾರ್ನ್ ಒತ್ತು" ಎಂದ. ಹಾರ್ನು ನೆಗಡಿಯಾದ ಕಪ್ಪೆಯಂತೆ ಒದರಿತು. ದೀಪ ಹಾಕಿದರೆ ಮಿಣಿಮಿಣಿ. ಬಾನೆಟ್ ಎತ್ತಿ ನೋಡಿದಾಗ ಸಮುದ್ರದ ಗಾಳಿಗೆ ಬ್ಯಾಟರಿಯ ತುದಿಗಳಲ್ಲಿ ಬಿಳಿ ಪುಡಿ ಕಟ್ಟಿತ್ತು. ಚಹಾಕ್ಕಿಟ್ಟ ಬಿಸಿನೀರು ಸುರಿದು, ಕೆರೆದು, ವೈರು ಬಿಗಿಮಾಡಿದ. ಟಿಕ್.

"ಫೆಲೆತಿ, ನಿನ್ನೆ ಸಂಜೆ ವ್ಯಾನಿನ ಹತ್ರ ಏನ್ ಮಾಡ್ತಿದ್ರಿ ನೀವೆಲ್ಲ?"

"ಕಾವಾ ಬೇರಿನ ರಸ ಕುಡೀತಿದ್ವಿ. ರಗ್ಬಿ ಇತ್ತಲ್ಲ, ರೇಡಿಯೋ ಅದ್ರಲ್ಲೇ ಇರೋದು."

"ದೀಪಾನೂ ಹಾಕ್ಕೊಂಡು?"

"ಬಟ್ಟಲು ಕಾಣ್ಬೇಕಲ್ವಾ."

"ಗೆದ್ರಾ?"

"ಇಲ್ಲ."

ಫೂಸಿಗೆ ಮೈಯೆಲ್ಲ ಉರಿಯಿತು. ಒಳಗೊಳಗೇ ಹಾಯೆನಿಸಿದ್ದೂ ನಿಜ. ವ್ಯಾನು ಹೊರಡದಿದ್ದರೆ ಉಪದೇಶವೂ ಇಲ್ಲ, ಮರ್ಯಾದೆ ಹೋಗುವ ಭಯವೂ ಇಲ್ಲ. ಹಾಗೆ ಅನಿಸಿದ್ದಕ್ಕೆ ನಾಚಿಕೆಯಾಗಿ, "ತಳ್ಳೋಣ" ಎಂದಳು.

ಊರಿನವರು ಚರ್ಚಿಗೆ ಹೊರಟು ರಸ್ತೆಯಲ್ಲೇ ಇದ್ದರು. ಆದರೆ ಎಲ್ಲರ ಮುಂದೆ ಮುದುಕ ಮೋಸೆಸೆ ಕೋಲೂರಿಕೊಂಡು ಬರುತ್ತಿದ್ದ. ಚರ್ಚಿನ ಹಾಡುಗಾರರ ಮುಖಂಡ. ಭಾನುವಾರ ಹಗ್ಗದ ಮೇಲಿನ ಬಟ್ಟೆ ತೆಗೆದವರನ್ನೂ ಬೈಯದೆ ಬಿಟ್ಟವನಲ್ಲ.

"ಇವತ್ತು ದೇವ್ರ ದಿನ, ಕೆಲ್ಸ ಮಾಡೋ ಹಾಗಿಲ್ಲ, ಗೊತ್ತಿಲ್ವೇನೋ?"

"ತಳ್ಳೋದು ಕೆಲ್ಸಾನಾ ಮಾಮ?" ಎಂದ ಫೆಲೆತಿ.

"ಬೆವರು ಬಂದ್ರೆ ಕೆಲ್ಸಾನೇ."

"ಮತ್ತೆ ಚರ್ಚಲ್ಲಿ ಹಾಡ್ವಾಗ ನೀವು ಅಷ್ಟೊಂದು ಬೆವರ್ತೀರಲ್ಲ?"

ಮೋಸೆಸೆ ಕೋಲಿನ ತುದಿಯಿಂದ ನೆಲ ಕೆದಕಿದ. "ಸರಿ, ಹಾಡ್ತಾ ತಳ್ಳಿ. ಹಾಡು ನಿಂತ್ರೆ ಕೈ ತೆಗೀಬೇಕು."

ದಪ್ಪ ದನಿಯವರು ಹಿಂದೆ, ಸಣ್ಣ ದನಿಯವರು ಪಕ್ಕದಲ್ಲಿ ನಿಂತರು. ಫೂಸಿ ಎರಡನೇ ಗೇರಿಗೆ ಹಾಕಿ ಕ್ಲಚ್ ಒತ್ತಿ ಹಿಡಿದಳು. ವ್ಯಾನು ಉರುಳಿತು. ಇನ್ನೇನು ಕ್ಲಚ್ ಬಿಡಬೇಕು, ಅಷ್ಟರಲ್ಲಿ ಹಿಂದಿನವರಿಗೆ ಉಸಿರು ಕಟ್ಟಿ ಹಾಡು ನಿಂತಿತು. ಮಾತಿನಂತೆ ಎಲ್ಲರೂ ಕೈ ತೆಗೆದರು, ವ್ಯಾನೂ ನಿಂತಿತು.

"ಥೂ, ಇದೇನ್ ಹಾಡ್ರೋ" ಎಂದು ಮೋಸೆಸೆ ಕೋಲು ಬಿಸಾಡಿ ತಾನೇ ಹೆಗಲು ಕೊಟ್ಟು ದನಿಯೆತ್ತಿದ. ಈ ಸಲ ಫೂಸಿ ಕ್ಲಚ್ ಬಿಟ್ಟಾಗ ವ್ಯಾನು ಜಗ್ಗಿ, ಕೆಮ್ಮಿ, ಗುರ್ ಎಂದಿತು.

ಮುದುಕ ಏದುಸಿರು ಬಿಡುತ್ತ ಕಿಟಕಿಗೆ ಬಂದ. "ಎಂಜಿನ್ ಆರಿಸಬೇಡಮ್ಮ. ಆ ಊರಿನವ್ರಿಗೆ ಹಾಡೋಕ್ ಬರಲ್ಲ."

ಹಾಗಾಗಿ ಚರ್ಚು ಮುಟ್ಟಿದ ಮೇಲೆ ಫೆಲೆತಿ ಆಕ್ಸಿಲರೇಟರ್ ಒತ್ತಿಕೊಂಡು ವ್ಯಾನಿನಲ್ಲೇ ಕೂರಬೇಕಾಯಿತು.

"ನೀನು ಒಳಗಿರ್ಬೇಕಿತ್ತು" ಎಂದಳು ಫೂಸಿ.

"ಕಿಟಕಿ ಪಕ್ಕದಲ್ಲೇ ನಿಲ್ಲಿಸ್ತೀನಿ. ನಂಗೆ ಕೇಳೋ ಹಾಗೆ ಮಾತಾಡು."

ಪೀಠದ ಮುಂದೆ ನಿಂತು ಅವಳು ಆಡಿದ ಮೊದಲ ಮಾತನ್ನು ಎಂಜಿನ್ನಿನ ಸದ್ದು ನುಂಗಿಹಾಕಿತು. ಕೊನೆಯ ಬೆಂಚಿನಲ್ಲಿ ಪಾದ್ರಿ ಕಣ್ಣು ಮುಚ್ಚಿ ಒರಗಿದ್ದರು. ಕಿಟಕಿಯಾಚೆ ಫೆಲೆತಿ ಕಿವಿಗೆ ಕೈಯೊಡ್ಡಿ ಕತ್ತು ಚಾಚಿದ್ದ. ಬ್ಯಾಟರಿ ಹಾಳುಮಾಡಿದ ಇದೇ ಮನುಷ್ಯನಿಗೆ ತನ್ನ ಮಾತು ಕೇಳಲೇಬೇಕೆಂದು ಅವಳಿಗೆ ಆಸೆಯಾಯಿತು. ಎದೆತುಂಬ ಉಸಿರೆಳೆದು, ಬರೆದು ತಂದದ್ದನ್ನು ಮಡಚಿಟ್ಟು, ಬೆಳಿಗ್ಗೆ ಹಾಡುತ್ತ ಹೆಗಲು ಕೊಟ್ಟ ನೆರೆಯವರ ಕಥೆಯನ್ನು ಎಂಜಿನ್ನಿಗಿಂತ ಜೋರಾಗಿ ಅವನಿಗೆ ಹೇಳಿದಳು. ಜನ ನಕ್ಕರು, ಕಣ್ಣೊರೆಸಿಕೊಂಡರು. ಪಾದ್ರಿ ನೆಟ್ಟಗೆ ಕೂತರು.

ಅವಳು ಆಮೆನ್ ಎಂದದ್ದೇ ತಡ, ಹೊರಗಿನಿಂದ ಹಾರ್ನು ಮೊಳಗಿತು. ಬೆಳಗಿನ ನೆಗಡಿಯೆಲ್ಲ ಬಿಟ್ಟು ತುಂಬು ಗಂಟಲಿನಲ್ಲಿ, ಉದ್ದಕ್ಕೆ.

"ಬ್ಯಾಟರಿ ತುಂಬಿದೆ, ಇನ್ನು ಆರಿಸಿ ಒಳಗೆ ಬಾ" ಎಂದಳು ಫೂಸಿ ಪೀಠದಿಂದಲೇ. ಕೊನೆಯ ಬೆಂಚಿನವರು ಸರಿದು ಅವನಿಗೆ ಜಾಗ ಮಾಡಿಕೊಟ್ಟರು.