ಏಳದ ಎಡಗಿವಿ

ಬೆನ್ನ ಹಿಂದೆ ಕುರಿಯೊಂದು ಕೆಮ್ಮಿತು, ನಮ್ಮದಲ್ಲ, ನಮ್ಮದು ಕೆಮ್ಮುವುದಿಲ್ಲ — ಆದರೂ ತಿರುಗಬಾರದು, ಮಂದೆಗೆ ಬೆನ್ನು ಹಾಕಿಯೇ ಕಳೆದ ಕುರಿಯ ಗುರುತು ಹೇಳಬೇಕು, ಒಂದೇ ಸಲ, ತಪ್ಪಿದರೆ ಕುರಿ ಆ ಮಂದೆಯವರಿಗೇ, ಕುರಿಯವರ ಕಟ್ಟುಪಾಡು ಅದು, ಕುಸುಮ ಎದುರಿನ ಸಾವನದುರ್ಗದ ಬಂಡೆಯನ್ನೇ ನೋಡುತ್ತ ಹೇಳಿಯಾಗಿದೆ, ಎಡಗಿವಿ ಜೋಲು ಅಂತ. ಚಿಕ್ಕರಾಜು ನಕ್ಕ. ಮೊನ್ನೆ ಮೇಯುವಾಗ ತಪ್ಪಿಸಿಕೊಂಡ ಗಬ್ಬದ ಕುರಿ ಈಗ ಅವನ ಮಂದೆಯ ನಡುವೆ ನಿಂತಿದೆ, ಮನೆಯಲ್ಲಿ ಅಜ್ಜಿ ಬೀರಮ್ಮ ಕೊಟ್ಟಿಗೆ ಗುಡಿಸಿ ಹುಲ್ಲು ಹಾಸಿ ಕಾಯುತ್ತಿದ್ದಾಳೆ, ಎಲ್ಲಾ ಕುರಿ ಕಿವಿನೂ ಜೋಲೇ ಕಣವ್ವ, ಅಂದ ಚಿಕ್ಕರಾಜು, ಎಂಎ ಓದ್ಬುಟ್ಟು ಇದೇನಾ ಕಲ್ತಿದ್ದು, ಕಿವಿ ಕುಯ್ದ ಗುರುತು ಎಲ್ಲೈತೆ ಅದ್ನೇಳು, ಇಲ್ಲಾ ಫೋನಲ್ಲಿ ಫೋಟೊನಾದ್ರೂ ತೋರ್ಸು. ಎರಡೂ ಇಲ್ಲ. ಎಲ್ಲರೂ ಮರಿಯ ಕಿವಿಯಂಚು ಕತ್ತರಿಸಿ ಗುರುತು ಮಾಡುತ್ತಾರೆ, ಅಜ್ಜಿ ಇದಕ್ಕೆ ಮಾಡಲಿಲ್ಲ, ನಾಯಿ ಕಿವಿಯ ಬುಡಕ್ಕೇ ಬಾಯಿ ಹಾಕಿದ ಮರಿ, ಅರಿಶಿನ ಮೆತ್ತುತ್ತ ಅಜ್ಜಿ, ಒಸಿ ಗಟ್ಟಿಯಾಗಿ ಹಿಡ್ಕೊಳೆ, ನಾಯಿ ಹರಿದಿದ್ದು ಸಾಲ್ದು ಅಂತ ನಾನೂ ಕುಯ್ಯಲಾ — ಗಾಯ ಮಾಯಿತು, ಕಿವಿ ಏಳಲಿಲ್ಲ, ಆ ಎಡಗಿವಿ. ಜೋಲು. ಅಜ್ಜಿ ಆ ಮಾತನ್ನು ಎಲ್ಲದಕ್ಕೂ ಆಡುವವಳಲ್ಲ, ಕೊಂಬೆಯ ಹುಣಸೆ ತೂಗುತ್ತದೆ, ತಂತಿಯ ಸೀರೆ ಇಳಿಬಿದ್ದಿರುತ್ತದೆ, ಮಂಚದ ಹಗ್ಗ ಬಿಗಿ ಕಳೆದುಕೊಂಡಾಗ ಮಾತ್ರ ಜೋಲು, ಪಿಯುಸಿ ಫೇಲಾಗಿ ಬಂದ ದಿನ, ಏನೇ ಕುಸ್ಮಿ, ಜೋಲು ಮೋರೆ ಹಾಕ್ಕೊಂಡು, ತಾನಾಗಿ ಮೇಲೇಳದ್ದು ಜೋಲು, ಅಷ್ಟೇ. ನಿಘಂಟಿನಲ್ಲಿ ನೇತಾಡುವ ಎಂದಷ್ಟೇ ಇತ್ತು, ಅಂಚಿನಲ್ಲಿ ಕುಸುಮ ಪೆನ್ಸಿಲಿನಿಂದ ಸಾಲದು ಎಂದು ಬರೆದಿದ್ದಳು. ಮಾತು ಬದಲಾಯಿಸ್ತೀಯಾ ಮಗಾ, ನ್ಯಾಯ ಹೇಳಲು ಗುಡೇಮಾರನಹಳ್ಳಿಯಿಂದ ಬಂದ ಬಸವಯ್ಯ ಕೇಳುತ್ತಿದ್ದಾನೆ. ಇಲ್ಲ ತಾತ, ಅದೇ ಮಾತು, ನೀವೆಲ್ಲ ಒಸಿ ಸುಮ್ಕಿರಿ ಸಾಕು. ಮೌನಕ್ಕೆ ಕಾಯುವುದು ಅವಳಿಗೆ ಗೊತ್ತು, ಚಿಕ್ಕರಾಜುವಿನ ನಗು ಅಡಗಲಿ, ಮಾಗಡಿ ಕಡೆಯ ಬೈಕು ತಿರುವು ದಾಟಲಿ, ಮೇಯುವ ಬಾಯಿಗಳ ಸದ್ದೊಂದೇ ಉಳಿಯಲಿ, ಇನ್ನೂ ಒಂದು ಉಸಿರು, ಈಗ — ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಅಜ್ಜಿ ಕುರಿ ಕರೆಯುವಾಗ ಮಾಡುವ ಹಾಗೆಯೇ, ಒಮ್ಮೆ ಟಕ್ಕೆನಿಸಿದಳು. ಬಾಯಿಗಳು ನಿಂತವು. ತಿರುಗವ್ವ ಎಂದ ಬಸವಯ್ಯ, ತಿರುಗಿದಳು, ಚಿಕ್ಕರಾಜು ಜೋಲು ಎಂದು ನಕ್ಕ ಕಿವಿಗಳೆಲ್ಲ ಅಡ್ಡಕ್ಕೆ ಎದ್ದು ನಿಂತಿವೆ, ಮಂದೆ ತುಂಬ ಎಲೆ ಚಿಗುರಿದ ಹಾಗೆ, ಅವನೂ ಅಲ್ಲಿಗೇ ನೋಡುತ್ತಿದ್ದಾನೆ, ನಡುವೆ, ಒಂದು, ಕೆನ್ನೆಗೆ ಅಂಟಿಕೊಂಡು, ಏಳದೆ, ಆ ಎಡಗಿವಿ