ಏಳನೇ ನಂಬರಿನ ಕೈಹಿಡಿ

"ಬಿಡೇ, ಸಾಕು. ಉಗುರು ಕಿತ್ತು ಬಂದೀತು," ಎಂದಳು ಚಿಕ್ಕಮ್ಮ.

ಮಗಳು ಬಿಡಲಿಲ್ಲ. ಅಮ್ಮನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಹಳೇ ಹಲ್ಲುಜ್ಜುವ ಬ್ರಶ್ಶಿಗೆ ಸೋಪು ಹಚ್ಚಿ ಉಗುರಿನ ಸಂದು ಉಜ್ಜುತ್ತಿದ್ದಳು. ಕರಿ ಎಣ್ಣೆ. ಮೂವತ್ತೆರಡು ವರ್ಷ ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದವಳ ಉಗುರಲ್ಲಿ ಎಣ್ಣೆ ಇದ್ದರೆ ಆಶ್ಚರ್ಯವೇನಿಲ್ಲ. ಆದರೆ ಕಾರ್ಖಾನೆ ಮುಚ್ಚಿಯೇ ಎರಡು ವರ್ಷವಾಗಿತ್ತು.

"ಎಲ್ಲಿಂದ ಬಂತು ಚಿಕ್ಕಮ್ಮ ಇದು?"

"ನನ್ನನ್ನೇನು ಕೇಳ್ತೀಯ? ಪ್ರತಿ ಸೋಮವಾರ ಎಲ್ಲಿಗೋ ಹೋಗ್ತಿದ್ದಳು. ಕೇಳಿದ್ರೆ 'ಕೆಲಸ ಇದೆ' ಅಂತ ಬಾಯಿ ಮುಚ್ಚಿಸ್ತಿದ್ದಳು. ನಿನ್ನೆಯೂ ಹೋಗಿದ್ದಳು. ಸಂಜೆ ಬಂದು ಚಪ್ಪಲಿ ಬಿಟ್ಟಳು, ಕುರ್ಚಿ ಮೇಲೆ ಕೂತಳು. ನೀರು ತರೋಷ್ಟರಲ್ಲಿ ಎಲ್ಲ ಮುಗಿದಿತ್ತು ಕಣೇ."

ಹೊರಗಿನ ಕೋಣೆಯಲ್ಲಿ ಅಮ್ಮನ ಜೊತೆ ಕೆಲಸ ಮಾಡಿದ ಹೆಂಗಸರು ಕೂತಿದ್ದರು. ಅವರಲ್ಲಿ ಎಲ್ಲರಿಗಿಂತ ಸಣಕಲಿ, ಎಲ್ಲರೂ ಬಾಬಿನ್ ಅಂತ ಕರೆಯುವವಳು, ಮೂಗು ಒರೆಸಿಕೊಳ್ಳುತ್ತ ಹೇಳುತ್ತಿದ್ದಳು:

"ಏಳನೇ ನಂಬರ್ ಮಷೀನಿಗೆ ಅವಳು ಬಯ್ಯದ ಬೈಗುಳ ಇಲ್ಲ. 'ಏ ಮುದಿಗೂಬೆ, ಇವತ್ತು ಸೂಜಿ ಮುರಿದ್ಯೋ ಗುಜರಿಗೆ ಹಾಕ್ತೀನಿ' ಅನ್ನೋಳು. ಆ ಮಷೀನೂ ಅಷ್ಟೇ, ಬೇರೆಯವರು ಮುಟ್ಟಿದ್ರೆ ಮುನಿಸ್ಕೊಳ್ಳೋದು."

"ಅದನ್ನೇ ಮಗಳು ದೇವರು ಮಾಡಿ ಕೂರಿಸಿದಳಲ್ಲ!" ಎಂದರು ಯಾರೋ. ಸಾವಿನ ಮನೆ ಎಂಬುದು ಮರೆತು ಇಬ್ಬರು ನಕ್ಕರು.

ಮಗಳಿಗೆ ಕೇಳಿಸಿತು. ಅಮ್ಮ ತನ್ನ ಮೇಲೆ ಮುನಿಸಿಕೊಂಡೇ ಹೋದಳು ಅನ್ನುವುದು ನಿನ್ನೆಯಿಂದ ಅವಳ ಎದೆಯಲ್ಲಿ ಕಲ್ಲಾಗಿ ಕೂತಿತ್ತು.

*

ಗುಜರಿಗೆ ಹೊರಟಿದ್ದ ಏಳನೇ ನಂಬರನ್ನು ಬಿಡಿಸಿ ತಂದವಳು ಮಗಳೇ. ಅಮ್ಮನ ಮೂವತ್ತೆರಡು ವರ್ಷಕ್ಕೆ ಯಾರೂ ಕೈಮುಗಿದಿರಲಿಲ್ಲ. ಆ ಹೆಣಿಗೆ ಯಂತ್ರವನ್ನು ಕಲಾ ಗ್ಯಾಲರಿಯಲ್ಲಿ ದೇವರಂತೆ ಕೂರಿಸಬೇಕು, ಜನ ಅದರ ಮುಂದೆ ದನಿ ತಗ್ಗಿಸಬೇಕು ಎಂದು ಅವಳು ನಾಲ್ಕು ತಿಂಗಳು ಕಾಗದದ ಮೇಲೆ ಗೀಚಿದಳು, ಹರಿದಳು, ಮತ್ತೆ ಗೀಚಿದಳು. ಪೀಠ ಸೊಂಟದ ಮಟ್ಟಕ್ಕಿದ್ದರೆ ಅಂಗಡಿಯ ಸರಕಿನಂತೆ ಕಾಣುತ್ತಿತ್ತು. ಎರಡು ಗೇಣು ಎತ್ತರಿಸಿದಾಗ ನೋಡುವವರ ತಲೆ ತಾನಾಗಿ ಮೇಲೆದ್ದಿತು. ದುಂಡಗೆ ನಿಂತ ನೂರರವತ್ತು ಸೂಜಿಗಳ ಮೇಲೆ ಒಂದೇ ಒಂದು ದೀಪ. ಸೀಮೆಎಣ್ಣೆಯಲ್ಲಿ ತೊಳೆದು ಜಿಡ್ಡನ್ನೆಲ್ಲ ತೆಗೆದಳು. ಕರೆಂಟು ಹೋದಾಗ ತಿರುಗಿಸಲು ಪಕ್ಕಕ್ಕೆ ಚಾಚಿಕೊಂಡಿದ್ದ ಕೈಹಿಡಿ ಆ ದುಂಡನ್ನು ಕೆಡಿಸುತ್ತಿತ್ತು. ಅದನ್ನು ಬಿಚ್ಚಿ ಪೀಠದೊಳಗಿನ ಖಾನೆಗೆ ಹಾಕಿದಳು. ಮುಂದೆ 'ಮುಟ್ಟಬೇಡಿ' ಎಂಬ ಫಲಕ.

ಪ್ರದರ್ಶನದ ಮೊದಲ ದಿನ ಅಮ್ಮ ಹೊಸ ಬಟ್ಟೆ ಹಾಕಿಕೊಂಡು ಗ್ಯಾಲರಿಗೆ ಬಂದಳು. ಪೀಠಕ್ಕೆ ಒಂದು ಸುತ್ತು ಬಂದಳು.

"ಹೇಗಿದೆ ಅಮ್ಮ?"

"ಹಿಡಿ ಎಲ್ಲೇ?"

"ತೆಗೆದೆ. ಚೆಂದ ಕಾಣ್ತಿರಲಿಲ್ಲ."

"ಎಣ್ಣೆ?"

"ಅಯ್ಯೋ ಅಮ್ಮ, ಇದು ಇನ್ನು ಓಡಬೇಕಾಗಿಲ್ಲ."

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ," ಎಂದವಳೇ ಅಮ್ಮ ಎಲ್ಲರೆದುರಿಗೆ ಹೊರಟುಹೋದಳು.

ಮಗಳಿಗೆ ಮುಖಕ್ಕೆ ಹೊಡೆದಂತಾಯಿತು. ಆಮೇಲಿನ ಮೂರು ತಿಂಗಳು ಫೋನಿನಲ್ಲಿ 'ಊಟ ಆಯ್ತಾ', 'ಆಯ್ತು', ಅಷ್ಟೇ ಮಾತು. ಮಗಳು ಗ್ಯಾಲರಿಗೂ ಮತ್ತೆ ಕಾಲಿಡಲಿಲ್ಲ.

*

ಹೆಣ ಒಯ್ಯುವ ವ್ಯಾನು ಬಂದು ನಿಂತಾಗ ಬಾಗಿಲಲ್ಲಿ ಕಾವಲಿನ ಸಮವಸ್ತ್ರ ತೊಟ್ಟ ಒಬ್ಬ ಹೆಂಗಸು ನಿಂತಿದ್ದಳು. ಕೈಯಲ್ಲಿ ಒಂದೇ ಒಂದು ಬೂದು ಬಣ್ಣದ ಕಾಲುಚೀಲ.

"ಅಕ್ಕ ನಿನ್ನೆ ಇದನ್ನ ಮರೆತು ಹೋಗಿದ್ರು. ಡ್ಯೂಟಿಗೆ ಹೋಗೋ ಮುಂಚೆ ಕೊಡೋಣ ಅಂತ ಬಂದೆ," ಎಂದವಳು ಒಳಗಿನ ಹೂವು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ, ಅಕ್ಕನಾ?"

ಚಿಕ್ಕಮ್ಮ ಅವಳನ್ನು ಕೂರಿಸಿದಳು. ಮಗಳು ಎದುರಿಗೆ ಕೂತಳು.

"ಸೋಮವಾರ ಗ್ಯಾಲರಿಗೆ ರಜ ಅಲ್ವಾ? ಅಕ್ಕ ಎಣ್ಣೆ ಬುಡ್ಡಿ, ನೂಲು ಹಿಡ್ಕೊಂಡು ಬರೋರು. ಪೀಠ ಎತ್ತರ, ಕೈಗೆಟುಕಲ್ಲ. ನನ್ನ ಕುರ್ಚಿ ಹತ್ತಿ ನಿಂತು ಎಣ್ಣೆ ಬಿಡೋರು, ಹಿಡಿ ಹಾಕಿ ತಿರುಗಿಸಿ ಹೆಣೆಯೋರು. ನಾನು ಗೋಡೆ ಕಡೆ ತಿರುಗಿ ನಿಲ್ತಿದ್ದೆ. ಮುಟ್ಟಿದ್ದು ನೋಡಿದ್ರೆ ಮೇಲಿನವರಿಗೆ ಹೇಳಬೇಕಲ್ಲ!"

"ನನಗೆ ಯಾಕೆ ಹೇಳಲಿಲ್ಲ?" ಎಂದಳು ಮಗಳು.

"'ಅದು ಅವಳ ದೇವರು ಕಣೇ, ನಾನು ಮುಟ್ಟಿದ್ದು ಗೊತ್ತಾದ್ರೆ ನೊಂದ್ಕೋತಾಳೆ' ಅನ್ನೋರು. ಮಗಳು ಮಾಡಿದ್ದು ಹೇಗಿದೆ ಅಂತ ಒಂದ್ಸಲ ನಾನೇ ಕೇಳ್ದೆ. 'ಇಷ್ಟು ವರ್ಷ ಬಗ್ಗಿ ನೋಡಿದ್ದೆ, ತಲೆ ಎತ್ತಿ ನೋಡೋ ಹಾಗೆ ಮಾಡಿದಳು' ಅಂದ್ರು." ಅವಳು ಕಾಲುಚೀಲ ಚಾಚಿದಳು. "ನಿಮ್ಮಳತೇದೇ. ನಿಮ್ಮ ಕಾಲು ಹುಟ್ಟಿದಾಗಿಂದ ತಣ್ಣಗಂತೆ. ಇನ್ನೊಂದು ಹಿಮ್ಮಡಿವರೆಗೆ ಆಗಿದೆ, ಮಷೀನಲ್ಲೇ ಇದೆ. ಬರೋ ವಾರ ಮುಗಿಸ್ತೀನಿ ಅಂದಿದ್ರು."

ಮಗಳು ಕಾಲುಚೀಲವನ್ನು ಮುಖಕ್ಕೆ ಒತ್ತಿಕೊಂಡು ಗೊಳೋ ಎಂದು ಅತ್ತಳು. ನಿನ್ನೆಯಿಂದ ಬಾರದಿದ್ದ ಅಳು ಅದು. ಬಾಬಿನ್ ಎದ್ದು ಬಂದು ಬೆನ್ನು ಸವರಿದಳು.

"ಎಡಗೈ ಇನ್ನೂ ತೊಳೆದಿಲ್ಲ ಕಣೇ," ಎಂದಳು ಚಿಕ್ಕಮ್ಮ, ಬ್ರಶ್ಶು ಎತ್ತಿಕೊಂಡು.

"ಬೇಡ ಚಿಕ್ಕಮ್ಮ, ಎಣ್ಣೆ ಇರಲಿ."

*

ಎಲ್ಲ ಮುಗಿಸಿ ಮಗಳು ಗ್ಯಾಲರಿ ತಲುಪಿದಾಗ ಬಾಗಿಲು ಮುಚ್ಚುವ ಹೊತ್ತು. ನೋಡಲು ಬಂದವರೆಲ್ಲ ಹೋಗಿದ್ದರು. ಒಂದೇ ದೀಪದ ಕೆಳಗೆ, ನೂರರವತ್ತು ಸೂಜಿಗಳಿಂದ ಅರ್ಧ ಕಾಲುಚೀಲ ಇಳಿಬಿದ್ದಿತ್ತು. ಅವಳು ಬಾಗಿಲ ಬಳಿ ಚಪ್ಪಲಿ ಬಿಟ್ಟಳು. ಒಂದು ಕಾಲಿಗೆ ಬೂದು ಕಾಲುಚೀಲ, ಇನ್ನೊಂದು ಬರಿಗಾಲು. ಪೀಠದ ಖಾನೆಯಿಂದ ಕೈಹಿಡಿ ತೆಗೆದಳು. ಅದು ಎಣ್ಣೆಯಿಂದ ಜಾರುತ್ತಿತ್ತು.

"ಹಿಮ್ಮಡಿ ಹತ್ರ ಹೆಣಿಗೆ ತಿರುಗಿಸೋದು ನನಗೆ ಬರಲ್ಲ," ಎಂದಳು.

ಕಾವಲಿನಾಕೆ ತನ್ನ ಕುರ್ಚಿಯನ್ನು ಪೀಠದ ಪಕ್ಕಕ್ಕೆ ಎಳೆದಿಟ್ಟು, ಗೋಡೆಯ ಕಡೆ ತಿರುಗಿ ನಿಂತಳು.